ಅಟ್ಟದ ಮೇಲಿನ ಕಠಾರಿ ಯಾರದ್ದು?

"ಗುರುವೇ, ಟಿಪ್ಪು ಸುಲ್ತಾನನ ಕತ್ತಿ ಸಿಕ್ಕಿದೆ ಕಣೋ! ಭಾನುವಾರದೊಳಗೆ ಬಾ. ಇಲ್ಲಾಂದ್ರೆ ಮಾರಿಬಿಡ್ತಾರೆ!"

ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಹೀಗೆ ಕಿರುಚಿದವನು ಸಕಲೇಶಪುರದ ಆಚೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿರುವ ನನ್ನ ಹಳೇ ಗೆಳೆಯ. ಪಿ.ಯು.ಸಿ.ಯಲ್ಲಿ ಇಬ್ಬರೂ ಒಂದೇ ಬೆಂಚು. ನಾನು ಅರ್ಧದಲ್ಲೇ ಕಾಲೇಜಿಗೆ ಕೈ ಮುಗಿದು ಸಿನಿಮಾ ಸುದ್ದಿ ಬರೆಯಲು ಬೆಂಗಳೂರಿನ ಬಸ್ಸು ಹತ್ತಿದೆ. ಅವನು ಪಾಸಾದ, ತೋಟ ಸೇರಿದ. ಅಣ್ಣಾವ್ರ 'ಮಯೂರ' ಟಿ.ವಿ.ಯಲ್ಲಿ ಬಂದಾಗಲೆಲ್ಲ ಈಗಲೂ ಅವನು ನನಗೆ ಫೋನು ಮಾಡದೇ ಇರುವುದಿಲ್ಲ. ಕತ್ತಿ ಎಂದರೆ ಪ್ರಾಣ ಬಿಡುವ ಆಸಾಮಿ!

ವಿಷಯ ಏನಪ್ಪಾ ಅಂದರೆ, ಅವನ ಮನೆಯ ಸೂರು ಸೋರುತ್ತಿತ್ತು. ಹೆಂಚು ಇಳಿಸುವಾಗ ಅಡುಗೆಮನೆ ಅಟ್ಟದ ಮೂಲೆಯಿಂದ ಎರಡು ಆಯುಧ ಬಿದ್ದವು. ನಡುಮನೆಯ ಗೋಡೆಯ ಮೇಲೆ ಮೊದಲೇ ಒಂದಿತ್ತು. ಒಟ್ಟು ಮೂರು. ಹೇಗೋ ಸುದ್ದಿ ತಿಳಿದು ಬೆಂಗಳೂರಿನಿಂದ ಒಬ್ಬ ಕಾರಿನಲ್ಲಿ ಬಂದಿದ್ದಾನೆ. "ಐತಿಹಾಸಿಕ ಪಿಕ್ಚರ್ ಮಾಡ್ತಿದ್ದೀವಿ, ಶೂಟಿಂಗಿಗೆ ಬೇಕು, ಹದಿನೈದು ಸಾವಿರ ಕೊಡ್ತೀನಿ" ಎಂದಿದ್ದಾನೆ. ಗೆಳೆಯನ ಅಣ್ಣನಿಗೆ ಸೂರಿನ ಚಿಂತೆ. ಮಳೆಗಾಲಕ್ಕೆ ತಿಂಗಳೂ ಇಲ್ಲ. ಸಕಲೇಶಪುರದ ಮಳೆ ಗೊತ್ತಲ್ಲ ಸ್ವಾಮೀ? ಹಿಡಿದರೆ ಬಿಡುವ ಮಳೆಯಲ್ಲ.

ನನ್ನನ್ನೇ ಯಾಕೆ ಕರೆದ ಅಂತ ಕೇಳ್ತೀರಾ? ನಾನೇನು ಪಂಡಿತನಲ್ಲ. ಆದರೆ ನನ್ನದೊಂದು ಪಾಪದ ಕಥೆ ಅವನಿಗೆ ಗೊತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ ಆಯುಧಪೂಜೆಯ ಹಿಂದಿನ ದಿನ ನಮ್ಮ ತಾತನ ಹಳೇ ಬಾಕನ್ನು ಪಾಲಿಶ್ ಪೇಪರ್ ಹಾಕಿ ತಿಕ್ಕಿದೆ. ಎರಡು ಗಂಟೆ ತಿಕ್ಕಿದೆ. ಹೀರೋ ಕೈಯ ಕತ್ತಿಯ ಹಾಗೆ ಫಳಫಳ ಹೊಳೆಯಿತು. ತಾತ ಸಂಜೆ ಬಂದು ಅದನ್ನು ಕೈಗೆ ತೆಗೆದುಕೊಂಡು ಅಲಗಿನ ಬುಡದಲ್ಲಿ ಹೆಬ್ಬೆರಳು ಆಡಿಸಿದರು. ಅಲ್ಲಿ ಏನೋ ಒಂದು ಸಾಲು ಅಕ್ಷರ ಇತ್ತಂತೆ. ಅವರಿಗೆ ಓದಲು ಬರುತ್ತಿರಲಿಲ್ಲ, ಬೆರಳಿಗೆ ಮಾತ್ರ ಗೊತ್ತಿತ್ತು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದು ಯಾವ ಭಾಷೆ, ಯಾರ ಹೆಸರು, ಯಾವ ಊರು - ಇವತ್ತಿಗೂ ಯಾರೂ ಹೇಳಲಾರರು. ಅಂದಿನಿಂದ ಎಲ್ಲಿ ಹಳೇ ಆಯುಧ ಕಂಡರೂ ನಿಂತು ನೋಡುವ ಹುಚ್ಚು ಹತ್ತಿತು. ಡಬ್ಬಿಂಗ್ ಸುದ್ದಿಗೆಂದು ಮದ್ರಾಸಿಗೆ ಹೋದಾಗಲೆಲ್ಲ ಎಗ್ಮೋರ್ ಮ್ಯೂಸಿಯಮ್ಮಿಗೆ ನುಗ್ಗಿ ತಂಜಾವೂರಿನ ಕಠಾರಿಗಳ ಮುಂದೆ ನಿಲ್ಲುತ್ತೇನೆ. ಕಾವಲುಗಾರರಿಗೆ ನನ್ನ ಮುಖ ಪರಿಚಯವಾಗಿಬಿಟ್ಟಿದೆ!

ಹುಲಿಮುಖದ ಕತ್ತಿ

ಹಾಸನದ ಮೇಲೆ ಆಲೂರು ದಾಟಿ ಬಸ್ಸು ಸಕಲೇಶಪುರ ತಲುಪಿದಾಗ ಹೇಮಾವತಿ ಸೇತುವೆಯ ಮೇಲೆ ಮಂಜು. ಗೆಳೆಯ ಬೈಕಿನೊಂದಿಗೆ ಕಾದಿದ್ದ. ಮನೆಗೆ ಹೋದ ತಕ್ಷಣ ಅವನ ಅಣ್ಣ ಗೋಡೆಯ ಮೇಲಿನ ಕತ್ತಿಯನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದು ತಂದರು. ಹಿತ್ತಾಳೆಯ ಹಿಡಿ. ಹಿಡಿಯ ತುದಿಗೆ ಬಾಯ್ದೆರೆದ ಹುಲಿಮುಖ. ಅಲಗಿನ ಮೇಲೆ ಅರಬ್ಬಿ ಲಿಪಿಯ ಅಂಕಿಗಳು.

"ಇದೇ ನೋಡಿ ಸಾರ್. ಟಿಪ್ಪುವಿನದ್ದು. ಮಂಜರಾಬಾದ್ ಕೋಟೆಯಿಂದ ಬಂದದ್ದು" ಎಂದರು.

ಹೇಳುವುದರಲ್ಲಿ ಅರ್ಥವಿಲ್ಲದೆ ಇಲ್ಲ. ಊರಿನಿಂದ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್ ಬಳಿ ಗುಡ್ಡದ ಮೇಲೆ ಟಿಪ್ಪು 1792ರಲ್ಲಿ ಮುಗಿಸಿದ ಕೋಟೆಯಿದೆ. ಎಂಟು ಮೂಲೆಯ ನಕ್ಷತ್ರದಾಕಾರ. ಡ್ರೋನ್ ಬಂದ ಮೇಲೆ ಎಲ್ಲರ ಮೊಬೈಲಿನಲ್ಲೂ ಅದರ ಚಿತ್ರ. ಟಿಪ್ಪುವಿನ ಆಯುಧಗಳ ಮೇಲೆ ಹುಲಿಮುಖ, ಹುಲಿಪಟ್ಟೆ ಇರುತ್ತಿದ್ದುದೂ ನಿಜ. ಆದರೆ ಮಿತ್ರರೇ, ಹುಲಿಮುಖ ನೋಡಿ ಟಿಪ್ಪು ಅನ್ನುವುದು, ಪೇಟ ನೋಡಿ ಮಹಾರಾಜ ಅಂದ ಹಾಗೆ!

ಪೇಟೆಯಲ್ಲಿ ಉರ್ದು ಬಲ್ಲ ಟೈಲರ್ ಸಾಹೇಬರೊಬ್ಬರಿಗೆ ಅಂಕಿಯ ಫೋಟೋ ಕಳಿಸಿದೆವು. ಅವರು ಕ್ಷಣದಲ್ಲಿ ಓದಿ ಹೇಳಿದರು: "ಒಂದು, ಏಳು, ಒಂಬತ್ತು, ಒಂಬತ್ತು." 1799! ಅಣ್ಣನ ಮುಖ ಅರಳಿತು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತ ವರ್ಷವಲ್ಲವೇ?

ನನ್ನ ಮುಖ ಇಳಿಯಿತು. ಯಾಕೆಂದರೆ ಟಿಪ್ಪುವಿನ ಕಾರ್ಖಾನೆಯಲ್ಲಿ ಇಂಗ್ಲಿಷರ ಇಸವಿ ಹಾಕುತ್ತಿರಲಿಲ್ಲ. ಆತ ತನ್ನದೇ ಹೊಸ ಪಂಚಾಂಗ ಮಾಡಿಕೊಂಡಿದ್ದ. ಮೌಲೂದಿ ಶಕೆ ಅಂತ ಅದರ ಹೆಸರು. ಪೈಗಂಬರರ ಜನನದಿಂದ ಎಣಿಕೆ. ನಮ್ಮ 1787 ಅದರಲ್ಲಿ 1215. ಇನ್ನೊಂದು ತಮಾಷೆ ಕೇಳಿ: ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಗೊತ್ತಿಲ್ಲದವರು ಎಡದಿಂದ ಓದಿದರೆ 1215 ಅನ್ನುವುದು 5121 ಆಗಿಬಿಡುತ್ತದೆ! ಅವನ ಆ ಕಾಲದ ನಾಣ್ಯಗಳಲ್ಲೂ ಇದನ್ನು ನೋಡಬಹುದು. 1799 ಎಂದು ನೆಟ್ಟಗೆ ಕೆತ್ತಿದವನು ಟಿಪ್ಪುವಿನ ಕಮ್ಮಾರನಲ್ಲ, ಇಸವಿಯನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿದವನು. ಅದೂ ಯಜಮಾನ ಸತ್ತ ವರ್ಷವನ್ನೇ ಆರಿಸಿಕೊಂಡು!

ಅನುಮಾನ ಬಂದ ಮೇಲೆ ಉಳಿದದ್ದೂ ಕಂಡಿತು. ಹಿತ್ತಾಳೆ ಹುಲಿಯ ಕೆನ್ನೆಯ ಮೇಲೆ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಉಳಿದಿತ್ತು, ಯಾರೂ ಅರ ಹಾಕಿರಲಿಲ್ಲ. ಹಿಡಿ ಅಲಗು ಸೇರುವ ಕಡೆ ಟಾರ್ಚು ಬಿಟ್ಟು ನೋಡಿದರೆ ಕರೆಂಟ್ ವೆಲ್ಡಿಂಗಿನ ಗಂಟು. ಅಲಗಿನ ಮೇಲೆ ಗ್ರೈಂಡರ್ ಚಕ್ರದ ಒಂದೇ ಸಮ ಗೀರುಗಳು. ಕೊನೆಗೆ ಗೆಳೆಯನ ಅಜ್ಜಿ ಒಳಗಿನಿಂದಲೇ ಹೇಳಿದರು: "ಅಯ್ಯೋ, ಅದು ನಿಮ್ಮ ದೊಡ್ಡಪ್ಪ ಮೈಸೂರಿಗೆ ದಸರಾ ನೋಡಕ್ ಹೋದಾಗ ತಂದಿದ್ದು ಕಣ್ರೋ. ನನ್ನನ್ನ ಯಾರು ಕೇಳಿದ್ರಿ?"

ಅಣ್ಣ ಮಾತಾಡಲಿಲ್ಲ. ಇಪ್ಪತ್ತು ವರ್ಷ ಬಂದವರಿಗೆಲ್ಲ ತೋರಿಸಿದ ಕತ್ತಿ! ನನಗೂ ಕೆಡುಕೆನಿಸಿತು.

ಅಸಲಿ ಕತ್ತಿಯ ಬೆಲೆ ಏನು ಗೊತ್ತೇ? 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್ಹಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 1 ಕೋಟಿ 40 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನೂರ ನಲವತ್ತು ಕೋಟಿಯ ಮೇಲೆ! ಆ ಕತ್ತಿ ಯಾರದ್ದೆಂದು ಹೇಗೆ ತಿಳಿಯಿತು? ಹುಲಿಯಿಂದಲ್ಲ. ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಸಿದ ಬೇರ್ಡ್ ಎಂಬ ಸೇನಾನಿಗೆ ಅದನ್ನು ಕೊಟ್ಟ ದಾಖಲೆಯಿತ್ತು. ಇದೇ ಈ ವಿದ್ಯೆಯ ಗುಟ್ಟು. ವಸ್ತು ಅರ್ಧ ಹೇಳುತ್ತದೆ, ಅದು ಕೈಯಿಂದ ಕೈಗೆ ಬಂದ ದಾರಿ ಇನ್ನರ್ಧ.

ಅಜ್ಜಿಯ ಅತ್ತೆಯ ಕತ್ತಿ

ಎರಡನೆಯದು ಸುಲಭವಾಯಿತು. ಅಗಲವಾದ, ಭಾರದ, ಮುಂದಕ್ಕೆ ಬಾಗಿದ ಅಲಗು. ಹರಿತ ಇರುವುದು ಬಾಗಿನ ಒಳಮಗ್ಗುಲಿಗೆ. ಕುಡುಗೋಲಿನ ಅಣ್ಣನ ಹಾಗಿದೆ. ಇದು ಕೊಡಗಿನ ಒಡಿಕತ್ತಿ. ಇದಕ್ಕೆ ಒರೆ ಇರುವುದಿಲ್ಲ. ಸೊಂಟದ ಹಿಂದೆ ಕಟ್ಟಿದ ತೊಡಂಗ್ ಎಂಬ ಲೋಹದ ಕೊಂಡಿಗೆ ಬೆತ್ತಲೆಯಾಗಿಯೇ ಸಿಕ್ಕಿಸುತ್ತಾರೆ. ಮುಂದುಗಡೆ ಚೇಲೆಗೆ ಸಿಕ್ಕಿಸುವ ಬೆಳ್ಳಿ ಕಟ್ಟಿನ ಚಿಕ್ಕದು ಪೀಚೆಕತ್ತಿ. ಕೊಡವರ ಮದುವೆಯಲ್ಲಿ ಬಾಳೆಕಂಬಗಳನ್ನು ಒಂದೇ ಏಟಿಗೆ ಕಡಿಯುವುದನ್ನು ನೋಡಿದ್ದೀರಲ್ಲ? ಅಲ್ಲಿ ಹಿಡಿಯುವುದು ಒಡಿಕತ್ತಿ. ವಿದೇಶಿ ಪುಸ್ತಕಗಳಲ್ಲಿ ಇದನ್ನು 'ಆಯುಧ ಕತ್ತಿ' ಎಂದು ಬರೆದು, ಮಲಬಾರಿನ ಕತ್ತಿಗಳ ಜೊತೆ ಕಲಸಿಬಿಡುತ್ತಾರೆ.

ಸಕಲೇಶಪುರಕ್ಕೆ ಹೇಗೆ ಬಂತು? ನಾನು ಯುದ್ಧ, ಲೂಟಿ ಅಂತೆಲ್ಲ ಕಲ್ಪಿಸಿಕೊಳ್ಳುತ್ತಿದ್ದೆ. ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮತ್ತೆ ತವರು ಶನಿವಾರಸಂತೆ ಕಡೆ ಕಣಪ್ಪ. ಅವರ ಜೊತೆ ಬಂತು." ಶನಿವಾರಸಂತೆ ಎಂದರೆ ಕೊಡಗಿನ ಗಡಿ. ಹೆಣ್ಣು ಕೊಟ್ಟು ತರುವವರಿಗೆ ಜಿಲ್ಲೆಯ ಗಡಿ ಲೆಕ್ಕಕ್ಕೆ ಬರುತ್ತದೆಯೇ? ಆ ಕತ್ತಿ ಕೊನೆಯ ಸಲ ಕಡಿದದ್ದು ಹಲಸಿನಕಾಯಿಯನ್ನಂತೆ!

ಪರಂಗಿ ಅಲಗು, ನಮ್ಮ ಹಿಡಿ

ಮೂರನೆಯದನ್ನು ಗೋಣಿತಾಟಿನ ಮೇಲೆ ಇಟ್ಟಿದ್ದರು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಕಪ್ಪಗೆ ಮಸಿ ಹಿಡಿದ ಒಂದೂವರೆ ಅಡಿಯ ಕಬ್ಬಿಣ. ಎತ್ತಿಕೊಂಡೆ. ನನ್ನ ಎದೆ ಹೊಡೆದುಕೊಳ್ಳತೊಡಗಿತು.

ಕಠಾರಿ! ಎಡಕ್ಕೊಂದು ಬಲಕ್ಕೊಂದು ಉದ್ದ ಪಟ್ಟಿ, ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿ. ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಗೆಣ್ಣಿನಿಂದ ನೇರ ಮುಂದಕ್ಕೆ ಬರುತ್ತದೆ. ಗುದ್ದಿದರೆ ಇರಿದ ಹಾಗೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ನಮ್ಮ ದೇಶದ್ದೇ ಆದ ಆಯುಧ. ಹೆಸರಿನಲ್ಲೇ ಒಂದು ಗೊಂದಲವುಂಟು. ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಇದರ ಹೆಸರು ಜಮಧರ್. ಇಂಗ್ಲಿಷ್ ಪುಸ್ತಕದವರು ಹೆಸರು ಅದಲುಬದಲು ಮಾಡಿ 'ಕಟಾರ್' ಎಂದು ಕರೆದರು, ಅದೇ ಉಳಿಯಿತು. ನಮ್ಮಲ್ಲಿ ಕಠಾರಿ ಅಂದರೆ ಇರಿಯುವ ಯಾವ ಚಿಕ್ಕ ಕತ್ತಿಯೂ ಆಗಬಹುದು. ವಿಜಯನಗರ ಆಳಿದ ಸಾಳುವರಿಗೆ 'ಕಠಾರಿ ಸಾಳುವ' ಎಂಬ ಬಿರುದೇ ಇತ್ತು.

ಹಳೇ ಆಯುಧ ಕೈಗೆ ಬಂದರೆ ಎಲ್ಲರೂ ಮೊದಲು ಅಲಗು ನೋಡುತ್ತಾರೆ. ತಪ್ಪು. ಮೊದಲು ಹಿಡಿ ನೋಡಬೇಕು. ಅಲಗು ಸಂತೆಯ ಸರಕು, ದೇಶ ದೇಶ ಸುತ್ತುತ್ತದೆ. ಹಿಡಿ ಹಾಗಲ್ಲ, ಅದನ್ನು ಆಯಾ ಊರಿನವನೇ ಆಯಾ ಊರಿನ ಕೈಗೆ ಮಾಡಿರುತ್ತಾನೆ. ಈ ಕಠಾರಿಯ ಹಿಡಿಯ ಮುಂದೆ, ಕೈಯ ಹಿಂಭಾಗ ಮುಚ್ಚುವಂತೆ ಎಲೆಯ ಹಾಗೆ ಬಾಗಿದ ಒಂದು ತಗಡಿತ್ತು. ಮಸಿಯ ಕೆಳಗೆ ರಂಧ್ರ ಕೊರೆದ ಬಳ್ಳಿ ಕೆಲಸ. ತುದಿಯಲ್ಲಿ ಸವೆದುಹೋದ ಒಂದು ಯಾಳಿಯ ಮುಖ. ಉತ್ತರದ ಕಠಾರಿಗಳಲ್ಲಿ ಈ ಮುಚ್ಚಳ ಸಾಮಾನ್ಯವಾಗಿ ಇರುವುದಿಲ್ಲ. ಇದು ದಕ್ಷಿಣದ್ದು. ವಿಜಯನಗರ, ಆಮೇಲೆ ತಂಜಾವೂರು - ಆ ದಾರಿಯ ಕೆಲಸ. ಎಗ್ಮೋರಿನ ಗಾಜಿನ ಹಿಂದೆ ಇದರ ಬಂಧುಗಳನ್ನೇ ನಾನು ನೋಡಿದ್ದು. ತಂಜಾವೂರಿನ ಅರಮನೆ ಆಯುಧಶಾಲೆಯನ್ನು 1860ರ ದಶಕದಲ್ಲಿ ಬ್ರಿಟಿಷರು ಖಾಲಿ ಮಾಡಿದಾಗ ಒಂದಷ್ಟು ಮದ್ರಾಸ್ ಮ್ಯೂಸಿಯಮ್ಮಿಗೆ ಬಂತು, ರಾಶಿ ರಾಶಿ ಗುಜರಿಗೆ ಹೋಯಿತು. ಹೊಟ್ಟೆ ಉರಿಯುತ್ತದೆ!

ಇನ್ನು ಅಲಗು. ಉದ್ದಕ್ಕೂ ಮೂರು ಸಣ್ಣ ಕಾಲುವೆ. ಅಲಗು ಹಿಡಿಯಿಂದಲೇ ಬೆಳೆದು ಬಂದಿರಲಿಲ್ಲ. ಎರಡು ನಾಲಿಗೆಗಳ ನಡುವೆ ಸಿಕ್ಕಿಸಿ ರಿವೆಟ್ ಹೊಡೆದಿದ್ದರು. ಅಂದರೆ ಎಲ್ಲೋ ಮುರಿದ ಉದ್ದ ಕತ್ತಿಯ ತುಂಡನ್ನು ತಂದು ಕೂಡಿಸಿದ್ದು. ಸಾಮಾನ್ಯವಾಗಿ ಇಂಥವು ಯೂರೋಪಿನಿಂದ ಬಂದ ಅಲಗುಗಳು. ಪೋರ್ಚುಗೀಸರು ಗೋವಾಕ್ಕೆ ಬಂದ ಮೇಲೆ ಹಡಗು ಹಡಗು ಅಲಗು ಇಳಿದವು. ಅಂಥ ಅಲಗಿನ ಕತ್ತಿಗೆ ಫಿರಂಗಿ ಎಂದೇ ಹೆಸರು. ನಾವು ಪರಂಗಿ ಹಣ್ಣು ಅನ್ನುತ್ತೇವಲ್ಲ, ಅದೇ ಪರಂಗಿ! ಹಣ್ಣೂ ಅವರೇ ತಂದದ್ದು, ಕತ್ತಿಯೂ ಅವರೇ ತಂದದ್ದು.

ಅಲಗಿನ ಮೇಲೆ ಮಸಿಯ ಅಡಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಅರ್ಧಚಂದ್ರಗಳು ಕಂಡವು. ಒಳಗೆ ಗರಗಸದ ಹಲ್ಲಿನಂಥ ಗೀಟು, ಕಣ್ಣಿನ ರೆಪ್ಪೆಯ ಹಾಗೆ. ಗೆಳೆಯ ಮೊಬೈಲಿನಲ್ಲಿ ಹುಡುಕಿ "ಇಟಲಿ! ಜಿನೋವಾ!" ಎಂದು ಕುಣಿದ. ನಾನು ಅವನ ಭುಜ ಹಿಡಿದು ಕೂರಿಸಿದೆ. ಆ ಗುರುತು ಜಿನೋವಾದ್ದು ಎಂದು ಹೆಸರಾದದ್ದು ನಿಜ. ಆದರೆ ಹೆಸರಾದ ಮೇಲೆ ಜರ್ಮನರು ಹಾಕಿದರು, ಕಾಕಸಸ್ ಬೆಟ್ಟದವರು ಹಾಕಿದರು, ನಮ್ಮ ದೇಶದ ಕಮ್ಮಾರರೂ ಹಾಕಿದರು. ಆಂದ್ರೆಯಾ ಫೆರಾರಾ ಎಂಬ ಇಟಲಿಯ ಕಮ್ಮಾರನ ಹೆಸರನ್ನು ಅವನು ಮುಟ್ಟದ ಸಾವಿರಾರು ಅಲಗುಗಳ ಮೇಲೆ ಒತ್ತಿದ್ದಾರೆ. ಫೇಮಸ್ ಕಂಪನಿಯ ಹೆಸರಿನ ಡುಪ್ಲಿಕೇಟ್ ಶೂ ಮೆಜೆಸ್ಟಿಕ್‌ನಲ್ಲಿ ಸಿಗುವುದಿಲ್ಲವೇ? ಅದೇ ವ್ಯಾಪಾರ, ನಾನೂರು ವರ್ಷ ಹಳೆಯದು.

ಹಾಗೆಂದು ನಮ್ಮಲ್ಲಿ ಉಕ್ಕಿರಲಿಲ್ಲ ಎಂದಲ್ಲ. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ನಮ್ಮ ಉಕ್ಕನ್ನು ಜಗತ್ತು 'ವೂಟ್ಸ್' ಎಂದು ಕರೆಯಿತು. ಆ ಪದ ಹುಟ್ಟಿದ್ದು ನಮ್ಮ ಕನ್ನಡದ 'ಉಕ್ಕು' ಎಂಬುದರಿಂದಲೇ ಎಂದು ಬಹಳ ಮಂದಿ ಬಲ್ಲವರ ಮಾತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಈ ಉಕ್ಕು ಮಾಡುವ ರೀತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅಂಥ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಮೂಡುತ್ತವೆ. ಈ ಕಠಾರಿಯಲ್ಲಿ ಅದು ಕಾಣಲಿಲ್ಲ.

ಹಾಗಾದರೆ ತೀರ್ಪು? ಹಿಡಿ ದಕ್ಷಿಣದ್ದು, ಬಹುಶಃ ಹದಿನೇಳನೇ ಶತಮಾನದ ಮಾದರಿ. ಅಲಗು ಪರಂಗಿಯದ್ದು, ಇಲ್ಲವೇ ಪರಂಗಿಯ ನಕಲು. ಅಷ್ಟೇ. ಗೆಳೆಯನಿಗೆ ಸಮಾಧಾನವಾಗಲಿಲ್ಲ. "ಐಗೂರು ಪಾಳೇಗಾರರದ್ದು ಅಂತ ಬರಿ ಮಾರಾಯ" ಎಂದ.

ಬರೆಯಲು ಕೈ ತುರಿಸಿದ್ದು ಸುಳ್ಳಲ್ಲ. ಎಂಥಾ ಕಥೆ ಅದು, ಪಿಕ್ಚರಿಗೇ ಆಗುವಂಥದ್ದು! ಈ ಸೀಮೆಗೆ ಬಲಂ ಎಂದು ಹೆಸರು. ವಿಜಯನಗರದ ಕಾಲದಲ್ಲಿ ಬೇಲೂರಿನ ನಾಯಕರಿಗೆ ಸೇರಿತು, ಕೊನೆಗೆ ಐಗೂರಿಗೆ ಸೀಮಿತವಾಯಿತು. ಕೃಷ್ಣಪ್ಪ ನಾಯಕ 1792ರ ಯುದ್ಧದಲ್ಲಿ ಮರಾಠರ ಜೊತೆ ಸೇರಿ, ಆಮೇಲೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪುವೇ ಅವನನ್ನು ಕರೆದು ಐಗೂರು ಸೀಮೆ ಕೊಟ್ಟ. ಅವನ ಮಗ ವೆಂಕಟಾದ್ರಿ ಟಿಪ್ಪು ಸತ್ತ ಮೇಲೂ ಇಂಗ್ಲಿಷರಿಗೆ ಬಗ್ಗಲಿಲ್ಲ. ಎರಡು ವರ್ಷ ಕಾಡಿನಲ್ಲಿ ಕೋಟೆ ಕಟ್ಟಿ ನಿಂತ. 1802ರ ಜನವರಿಯಲ್ಲಿ ಅರಕೆರೆಯ ಮೇಲೆ ದಂಡು ತಂದವನು ಯಾರು ಗೊತ್ತೇ? ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನೇ ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್‌ಟನ್! ಫೆಬ್ರವರಿಯಲ್ಲಿ ವೆಂಕಟಾದ್ರಿಯನ್ನು ಹಿಡಿದು ಗಲ್ಲಿಗೆ ಹಾಕಿದರು. ಸಕಲೇಶಪುರದ ಎಷ್ಟು ಹುಡುಗರಿಗೆ ಈ ಹೆಸರು ಗೊತ್ತು? ನಮ್ಮ ನಿರ್ಮಾಪಕರು ಕಥೆಗೆ ಹೈದರಾಬಾದಿಗೆ ಓಡುತ್ತಾರೆ.

ಆದರೆ ಈ ಕಠಾರಿ ಅವನ ಸೈನಿಕನದ್ದೆಂದು ಹೇಳಲು ನನ್ನ ಹತ್ತಿರ ಎಳ್ಳಷ್ಟು ಆಧಾರವಿಲ್ಲ. ತಾತನ ಬಾಕಿನ ಅಕ್ಷರ ಅಳಿಸಿದವನು ನಾನು. ಇಲ್ಲದ ಅಕ್ಷರ ಕೆತ್ತುವ ಕೆಲಸ ಬೇರೆ ಮಾಡಲೇ? ಗೆಳೆಯನಿಗೆ ಹಾಗೇ ಹೇಳಿದೆ. ಅವನು ಮುನಿಸಿಕೊಂಡು ಒಲೆಗೆ ಸೌದೆ ಒಟ್ಟಲು ಹೋದ.

ನಮ್ಮ ಸಿನಿಮಾದವರ ಕತ್ತಿ

ಇಲ್ಲಿ ಒಂದು ಮಾತು ನಮ್ಮ ಕಲಾ ನಿರ್ದೇಶಕರಿಗೆ. ಐತಿಹಾಸಿಕ ಚಿತ್ರ ಎಂದರೆ ಸಾಕು, ಹಿಡಿಯ ತುದಿಗೆ ತಟ್ಟೆಯಂಥ ದುಂಡು ಬಿಲ್ಲೆ ಇರುವ ಬಾಗಿದ ಕತ್ತಿಯನ್ನು ಎಲ್ಲರ ಕೈಗೂ ಕೊಡುತ್ತೀರಿ. ಅದು ತಲವಾರ್, ಮೊಗಲರ ಕಾಲದ ಉತ್ತರದ ಮಾದರಿ. ಹೊಯ್ಸಳ ದೊರೆಯ ಕೈಗೆ ಅದನ್ನು ಕೊಡುವುದೂ ಒಂದೇ, ಬಬ್ರುವಾಹನನ ಕೈಗೆ ಮೊಬೈಲ್ ಕೊಡುವುದೂ ಒಂದೇ! ಸಕಲೇಶಪುರದಿಂದ ಬೇಲೂರಿಗೆ ಒಂದು ಗಂಟೆ ದಾರಿ. ಅಲ್ಲಿ ಸಳ ಮೃಗವನ್ನು ಇರಿಯುತ್ತಾನಲ್ಲ, ಅವನ ಕೈಯ ಆಯುಧ ನೋಡಿ. ಹಾಸನ ಜಿಲ್ಲೆಯ ಊರೂರಿನ ವೀರಗಲ್ಲು ನೋಡಿ. ದನ ಬಿಡಿಸಲು ಹೋಗಿ ಸತ್ತವನು ಯಾವ ಕತ್ತಿ ಹಿಡಿದಿದ್ದ ಎಂದು ಕಲ್ಲಿನಲ್ಲೇ ಬರೆದಿದೆ. ಪುಕ್ಕಟೆ! ರಾಬರ್ಟ್ ಎಲ್ಗುಡ್ ಎಂಬ ವಿದ್ವಾಂಸರು ದಕ್ಷಿಣದ ಆಯುಧಗಳ ಬಗ್ಗೆ 2004ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಅವರಿಗೆ ನಮ್ಮ ದೇವಸ್ಥಾನದ ಕಂಬದ ಮೇಲಿನ ಕತ್ತಿ ಕಂಡಿತು, ನಮಗೆ ಕಾಣಲಿಲ್ಲ.

'ರಣಧೀರ ಕಂಠೀರವ' 1960ರ ಚಿತ್ರ. ಅಣ್ಣಾವ್ರು ಮಾಡಿದ ಆ ದೊರೆ 1638ರಿಂದ 1659ರವರೆಗೆ ಮೈಸೂರು ಆಳಿದವನು, ಜಗಜಟ್ಟಿ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ತೊಟ್ಟು ಕಾದುತ್ತಾರಲ್ಲ, ನೆತ್ತಿಯಲ್ಲಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದಲ್ಲ, ಅಂಥ ಕೈಕೈ ಕಾಳಗದ ಆಯುಧ ನಮ್ಮಲ್ಲೇ ಇರುವಾಗ ರೋಪ್ ಕಟ್ಟಿ ಹಾರಿಸುವ ಕತ್ತಿ ಯಾಕೆ ಸ್ವಾಮೀ?

"ತಿಕ್ಕಬೇಡಿ"

ಭಾನುವಾರ ಬೆಂಗಳೂರಿನವನು ಬಂದ. ಒಳ್ಳೇ ಮಾತುಗಾರ. ಹುಲಿಮುಖದ ಕತ್ತಿಯನ್ನು ಅಣ್ಣ ಬೇಕೆಂದೇ ಮುಂದಿಟ್ಟರು. ಅವನು ಕಣ್ಣೆತ್ತಿಯೂ ನೋಡಲಿಲ್ಲ. ಒಡಿಕತ್ತಿಯನ್ನು ಒಮ್ಮೆ ಎತ್ತಿ ಇಟ್ಟ. ಕಠಾರಿ ಮುಟ್ಟಿದಾಗ ಮಾತ್ರ ಅವನ ಬೆರಳು ನಿಧಾನವಾಯಿತು. ನನ್ನ ತಾತನ ಹೆಬ್ಬೆರಳ ಹಾಗೆ.

ಅಣ್ಣ ಮುಗ್ಧರಂತೆ ಕೇಳಿದರು: "ಶೂಟಿಂಗಿಗೆ ಅಲ್ವಾ? ಸಂಜೆಯೊಳಗೆ ಬೂದಿ, ಹುಣಸೆಹಣ್ಣು ಹಾಕಿ ಫಳಫಳ ಅನ್ನಿಸಿ ಕೊಡ್ತೀವಿ ಬಿಡಿ."

"ಅಯ್ಯೋ ಬೇಡಿ ಬೇಡಿ! ತಿಕ್ಕಬೇಡಿ. ಹಂಗೇ ಕೊಡಿ!"

ಅಷ್ಟೇ ಸಾಕಾಯಿತು. ಕ್ಯಾಮೆರಾಗೆ ಹೊಳೆಯುವ ಕತ್ತಿ ಬೇಕು. ಮಸಿ ಬೇಕಾದವನು ಸಿನಿಮಾದವನಲ್ಲ! ಅಣ್ಣ ನನ್ನ ಮುಖ ನೋಡಿದರು. ನಾನು ಮೆಲ್ಲಗೆ ಕಾನೂನಿನ ಮಾತು ತೆಗೆದೆ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪುರಾವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಖಾಸಗಿಯವರು ಸಾಗಿಸುವಂತೆಯೇ ಇಲ್ಲ. "ನಿಮ್ಮ ಲೈಸೆನ್ಸ್ ನಂಬರ್ ಹೇಳ್ತೀರಾ ಸಾರ್, ಬರೆದುಕೊಳ್ತೀನಿ" ಎಂದೆ. ಅವನಿಗೆ ತಕ್ಷಣ ಒಂದು ಫೋನ್ ಬಂತು. ನಮಗಾರಿಗೂ ರಿಂಗ್ ಕೇಳಿಸಲಿಲ್ಲ. ಕಾರು ಹೋದ ಮೇಲೆ ಅಂಗಳದಲ್ಲಿ ಧೂಳು ಮಾತ್ರ ಉಳಿಯಿತು.

ಹದಿನೈದು ಸಾವಿರವೂ ಹೋಯಿತು. ಅದನ್ನು ಮರೆಯಬಾರದು. ಬೆಂಗಳೂರಿಗೆ ವಾಪಸು ಬರುವ ನನಗೆ ಮಾತಾಡುವುದು ಸುಲಭ, ಸೋರುವ ಮನೆಯಲ್ಲಿ ಮಲಗುವವರು ಅವರು. ಅಣ್ಣ ಬಹಳ ಹೊತ್ತು ಸೂರು ನೋಡುತ್ತಾ ಕೂತಿದ್ದರು. ಆಮೇಲೆ, "ಟಾರ್ಪಾಲ್ ಹಾಕಿದ್ರೆ ಇನ್ನೊಂದು ಮಳೆಗಾಲ ತಾಳುತ್ತೆ" ಎಂದರು.

ಕಠಾರಿಗೆ ನೀರು ಮುಟ್ಟಿಸಲಿಲ್ಲ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿದೆವು. ಇಷ್ಟು ವರ್ಷ ಅದನ್ನು ಕಾಪಾಡಿದ್ದು ಅಡುಗೆಮನೆಯ ಹೊಗೆ ಮತ್ತು ಒಗ್ಗರಣೆಯ ಜಿಡ್ಡು. ಗೋಡೆಯ ಮೇಲೆ ನೇತು ಹಾಕಿದ್ದರೆ ಈ ಮಲೆನಾಡಿನ ತೇವಕ್ಕೆ ಎಂದೋ ತುಕ್ಕಾಗಿ ಉದುರುತ್ತಿತ್ತು. ಎಲ್ಲ ಕಡೆಯಿಂದ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲು ಇಟ್ಟು ಅಳತೆ ಬರೆದು, ಅಜ್ಜಿ ಹೇಳಿದ್ದನ್ನೂ ಬರೆದಿಟ್ಟೆವು. ಪುರಾತತ್ವ ಇಲಾಖೆಗೆ ಅಣ್ಣನ ಹೆಸರಿನಲ್ಲಿ ಒಂದು ಪತ್ರವನ್ನೂ ಹಾಕಿದ್ದೇವೆ. ಠಾಣೆಗೂ ತಿಳಿಸುವುದು ಒಳ್ಳೆಯದೆಂದು ನಾನೇ ಹೇಳಿದೆ. ಒಂಬತ್ತು ಅಂಗುಲ ಮೀರಿದ ಅಲಗು ಶಸ್ತ್ರಾಸ್ತ್ರ ಕಾನೂನಿನ ಪಟ್ಟಿಯಲ್ಲಿದೆ. ಕೊಡವರಿಗೆ ಇರುವ ವಿನಾಯಿತಿ ಗಡಿಯ ಈಚೆಗಿನ ಮನೆಗೆ ಬರುವುದಿಲ್ಲ.

ಬರುವಾಗ ಮಂಜರಾಬಾದ್ ಕೋಟೆ ಹತ್ತಿದೆವು. ನಕ್ಷೆ ಫ್ರೆಂಚ್ ಎಂಜಿನಿಯರ್ ವೊಬಾನನ ಮಾದರಿಯದ್ದು, ಕಲ್ಲು ಕೈಕೆಲಸ ಎಲ್ಲ ಇಲ್ಲಿಯವರದ್ದು. ಗೆಳೆಯ ಗೋಡೆಯ ಮೇಲೆ ನಿಂತು, "ಇದೂ ಪರಂಗಿ ಅಲಗು ನಮ್ಮ ಹಿಡಿ ತಾನೇ?" ಎಂದ. ಮುನಿಸು ಇಳಿದಿತ್ತು.

ಅಂದ ಹಾಗೆ ಹುಲಿಮುಖದ ಕತ್ತಿಯ ಕಥೆ ಹೇಳಲಿಲ್ಲ ಅಲ್ಲವೇ? ಮೊನ್ನೆ ಗೆಳೆಯನ ಫೋನು ಬಂದಿತ್ತು. ಊರ ಹಬ್ಬಕ್ಕೆ 'ಕುರುಕ್ಷೇತ್ರ' ನಾಟಕವಂತೆ. ದುರ್ಯೋಧನ ಮಾಡುವವನು ಮನೆಗೇ ಬಂದು ಅದನ್ನು ಕೇಳಿ ಪಡೆದು ಹೋದನಂತೆ. ಪೆಟ್ರೋಮ್ಯಾಕ್ಸ್ ಕಾಲ ಹೋಯಿತು, ಈಗ ಎಲ್.ಇ.ಡಿ. ಲೈಟು. ಲೈಟಿಗೆ ಹುಲಿಯ ಹಲ್ಲು ಹೊಳೆದದ್ದೇ ತಡ, ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣನೇ ಎದ್ದು ಶಿಳ್ಳೆ ಹಾಕಿದರಂತೆ!